ಬಯೋನಿಕ್ ಕಣ್ಣು ಹಾಕಿಸಲು ಊರಿನ ಜಾಗ ಮಾರಬೇಕಾ?

ಪ್ರಶ್ನೆ: ನಮ್ಮ ಅಪ್ಪನಿಗೆ 54 ವರ್ಷ. ಕುಂದಾಪುರದ ಕಡೆಯವರು. ಘಾಟ್‌ಕೋಪರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ಅವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ ಇದೆ. ರಾತ್ರಿ ಏನೂ ಕಾಣುವುದಿಲ್ಲ. ಹಗಲಲ್ಲಿ ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತದೆ. ಒಂದು ವರ್ಷದಿಂದ ಅದೂ ಮಂಜು ಮಂಜು. ವಿದೇಶದಲ್ಲಿ ಬಯೋನಿಕ್ ಕಣ್ಣು ಹಾಕಿ ಕುರುಡರಿಗೆ ದೃಷ್ಟಿ ಕೊಡುತ್ತಾರೆ ಅನ್ನೋ ವಿಡಿಯೋ ನೋಡಿ, ಊರಿನ ಜಾಗ ಮಾರಿಯಾದರೂ ಹಾಕಿಸೋಣ ಅಂತ ಚಿಕ್ಕಪ್ಪ ಹಟ ಹಿಡಿದಿದ್ದಾರೆ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಾವು ಗೆಳತಿಯರು ಸೇರಿ ಪ್ರಾಜೆಕ್ಟಿಗೆ ಕ್ಯಾಮೆರಾ ಇರುವ ಕನ್ನಡಕ ಮಾಡಬೇಕು ಅಂದುಕೊಂಡಿದ್ದೇವೆ. ಎರಡರ ಬಗ್ಗೆಯೂ ಹೇಳುತ್ತೀರಾ ಸರ್?
ಓದುಗರು, ಡೊಂಬಿವಲಿ

ಉತ್ತರ: ಜಾಗ ಮಾರಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಚಿಕ್ಕಪ್ಪ ಈಗಾಗಲೇ ಬ್ರೋಕರ್ ಹತ್ತಿರ ಮಾತಾಡಿದ್ದರೆ ಮೊದಲು ಅವರಿಗೊಂದು ಫೋನ್ ಮಾಡಿಬಿಡಿ.

ನಾನು ಎಂಜಿನಿಯರ್, ಡಾಕ್ಟರಲ್ಲ. ದೃಷ್ಟಿ ಕಡಿಮೆ ಇರುವವರಿಗೆ ಸಾಧನ ಮಾಡುವುದು, ಮಾಡಿದ್ದನ್ನು ಅವರ ಕೈಗೇ ಕೊಟ್ಟು ಬೈಸಿಕೊಳ್ಳುವುದು ನನ್ನ ಕೆಲಸ. ಆದರೂ ನಿಮ್ಮ ಪತ್ರ ಓದುವಾಗ ನಾನು ತಡೆದು ನಿಂತದ್ದು ‘ಒಂದು ವರ್ಷದಿಂದ ಮಂಜು ಮಂಜು’ ಅನ್ನೋ ಕಡೆ. ಆರ್‌ಪಿ ಸಾಮಾನ್ಯವಾಗಿ ನಿಧಾನದ ಕಾಯಿಲೆ. ವರ್ಷದೊಳಗೆ ಎದುರಿನದ್ದೂ ಮಂಜಾಯಿತು ಅಂದರೆ ಬೇರೆ ಕಾರಣ ಇರಬಹುದು. ಆರ್‌ಪಿ ಇರುವವರಿಗೆ ಕಣ್ಣಿನ ಪೊರೆ ಬೇರೆಯವರಿಗಿಂತ ಬೇಗ ಬರುತ್ತದೆ. ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಪರದೆ, ಅದರ ನಡುಭಾಗದಲ್ಲಿ ನೀರು ತುಂಬಿ ಊದಿಕೊಳ್ಳುವುದೂ ಉಂಟು. ಪೊರೆಗೆ ಆಪರೇಷನ್ ಇದೆ. ಊತಕ್ಕೆ ಹನಿ, ಮಾತ್ರೆ ಇವೆ, ಹಲವರಿಗೆ ಇಳಿಯುತ್ತದೆ. ಓಸಿಟಿ ಅನ್ನೋ ಸ್ಕ್ಯಾನ್‌ನಲ್ಲಿ ಊತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ‘ಆರ್‌ಪಿಗೆ ಔಷಧಿ ಇಲ್ಲ’ ಅಂತ ಒಮ್ಮೆ ಕೇಳಿಸಿಕೊಂಡ ಮನೆಯವರು ಆಮೇಲೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಆಗಿದ್ದರೆ ಈ ವಾರವೇ ರೆಟಿನಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಯೋನಿಕ್ ಕಣ್ಣಿನ ಮಾತೆಲ್ಲ ಅದಾದ ಮೇಲೆ.

ಈಗ ವಿಡಿಯೋದ ವಿಷಯ. ಅದು ಸುಳ್ಳಲ್ಲ, ಆದರೆ ಅರ್ಧ ಕಥೆ.

ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಮಂದ ಬೆಳಕಿಗೆ ರಾಡ್, ಒಂದು ಕಣ್ಣಿಗೆ ಸುಮಾರು 12 ಕೋಟಿ. ಹಗಲಿಗೆ, ಬಣ್ಣಕ್ಕೆ, ಸಣ್ಣ ಅಕ್ಷರಕ್ಕೆ ಕೋನ್, ಸುಮಾರು 60 ಲಕ್ಷ. ಆರ್‌ಪಿಯಲ್ಲಿ ಮೊದಲು ಸಾಯುವುದು ಹೆಚ್ಚಾಗಿ ರಾಡ್. ಅದಕ್ಕೇ ಇರುಳುಗಣ್ಣಿನಿಂದ ಶುರುವಾಗುತ್ತದೆ, ಆಮೇಲೆ ಬದಿಯ ನೋಟ ಹೋಗುತ್ತದೆ, ನಡುವೆ ಒಂದು ಸಣ್ಣ ಕಿಂಡಿ ಉಳಿಯುತ್ತದೆ. ಈ ಕೋಶಗಳಾದ ಮೇಲೆ ಇನ್ನೂ ಎರಡು ಪದರ ನರಕೋಶಗಳಿವೆ. ಅಲ್ಲಿಂದ ಸುಮಾರು 10 ಲಕ್ಷ ನರತಂತುಗಳ ಕಟ್ಟು ಮೆದುಳಿಗೆ ಹೋಗುತ್ತದೆ. ಬೆಳಕು ಹಿಡಿಯುವ ಪದರ ಸತ್ತರೂ ಒಳಗಿನ ಪದರಗಳು ಸಾಕಷ್ಟು ಉಳಿದಿರುತ್ತವೆ. ಆ ಉಳಿದ ಕೋಶಗಳಿಗೆ ಸಣ್ಣ ವಿದ್ಯುತ್ ಕೊಟ್ಟರೆ ಮೆದುಳಿಗೆ ಬೆಳಕಿನ ಚುಕ್ಕಿ ಕಂಡಂತಾಗುತ್ತದೆ. ರೆಟಿನಾ ಇಂಪ್ಲಾಂಟ್, ಅಂದರೆ ನೀವು ಹೇಳುವ ಬಯೋನಿಕ್ ಕಣ್ಣು, ಪೂರ್ತಿ ನಿಂತಿರುವುದು ಇದರ ಮೇಲೆ. ಗ್ಲಾಕೋಮಾದಲ್ಲಿ ನರದ ಕಟ್ಟೇ ಹೋಗಿರುತ್ತದೆ. ಅಲ್ಲಿ ಕಣ್ಣೊಳಗೆ ಯಾವ ಚಿಪ್ ಇಟ್ಟರೂ ಪ್ರಯೋಜನ ಇಲ್ಲ. ಹಾಗಾಗಿ ಯಾರೇ ‘ಬಯೋನಿಕ್ ಕಣ್ಣು’ ಅಂದರೂ ಮೊದಲು ಕೇಳಬೇಕಾದದ್ದು ಒಂದೇ: ಈ ಮನುಷ್ಯನ ಕಣ್ಣಲ್ಲಿ ಯಾವ ಪದರ ಹೋಗಿದೆ, ಯಾವುದು ಉಳಿದಿದೆ?

ಆರ್‌ಪಿಗೆ ಅಂತಲೇ ಮಾರುಕಟ್ಟೆಗೆ ಬಂದದ್ದು ಆರ್ಗಸ್ 2. ಕ್ಯಾಲಿಫೋರ್ನಿಯಾದ ಸೆಕೆಂಡ್ ಸೈಟ್ ಕಂಪನಿಯದ್ದು. ಯೂರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಕನ್ನಡಕದಲ್ಲಿ ಕ್ಯಾಮೆರಾ, ಸೊಂಟದಲ್ಲಿ ಪ್ರೊಸೆಸರ್, ಕಣ್ಣೊಳಗೆ ರೆಟಿನಾದ ಮೇಲೆ ಸಣ್ಣ ಮೊಳೆ ಹೊಡೆದು ಕೂರಿಸಿದ 60 ಎಲೆಕ್ಟ್ರೋಡುಗಳ (ಕರೆಂಟು ಕೊಡುವ ತುದಿಗಳ) ಪಟ್ಟಿ. ಸಾಧನಕ್ಕೇ ಸುಮಾರು ಒಂದೂವರೆ ಲಕ್ಷ ಡಾಲರ್. ಆಪರೇಷನ್, ಆಮೇಲಿನ ತರಬೇತಿ ಬೇರೆ.

60 ಎಲೆಕ್ಟ್ರೋಡ್ ಅಂದರೆ 60 ಚುಕ್ಕಿ ಅಂದುಕೊಳ್ಳುತ್ತೇವೆ ಅಲ್ವಾ? ಅಷ್ಟೂ ಸಿಗುವುದಿಲ್ಲ. ಕರೆಂಟು ಬೇಕಾದ ಕೋಶಕ್ಕೆ ಮಾತ್ರ ತಾಗದೆ, ಪಕ್ಕದಲ್ಲಿ ಹಾದುಹೋಗುವ ನರತಂತುವಿಗೂ ತಾಗುತ್ತದೆ. ಆಗ ಚುಕ್ಕಿ ಚುಕ್ಕಿಯಾಗಿ ಉಳಿಯದೆ ಗೆರೆಯಾಗಿ ಎಳೆದುಕೊಳ್ಳುತ್ತದೆ. ಆರು ಸಾಲು, ಸಾಲಿಗೆ ಹತ್ತು ಚುಕ್ಕಿ ಇಟ್ಟ ರಂಗೋಲಿ ಮೇಲೆ ಯಾರೋ ಒದ್ದೆ ಕೈ ಎಳೆದ ಹಾಗೆ. ಅದನ್ನು ನೋಡಿ ಇದು ಬಾಗಿಲು, ಇದು ಕಿಟಕಿ ಅಂತ ಮೆದುಳು ಹೊಸದಾಗಿ ಓದಲು ಕಲಿಯಬೇಕು. ಕ್ಯಾಮೆರಾ ಕನ್ನಡಕದಲ್ಲಿರುವುದರಿಂದ ಕಣ್ಣು ಹೊರಳಿಸಿದರೆ ಆಗುವುದಿಲ್ಲ, ತಲೆಯನ್ನೇ ತಿರುಗಿಸಬೇಕು. ಕಲಿತವರಿಗೆ ಕಪ್ಪು ಮೇಜಿನ ಮೇಲಿನ ಬಿಳಿ ತಟ್ಟೆ, ಬಾಗಿಲ ಚೌಕಟ್ಟು, ಎದುರು ಯಾರೋ ಹಾದುಹೋದದ್ದು ಗೊತ್ತಾಗುತ್ತಿತ್ತು. ಪರೀಕ್ಷೆಗಳಲ್ಲಿ ಅದರ ಅತ್ಯುತ್ತಮ ಫಲಿತಾಂಶ 20/1260. ಮಾಮೂಲಿ ಕಣ್ಣಿನವರು 1260 ಅಡಿ ದೂರದಿಂದ ಗುರುತಿಸುವುದನ್ನು 20 ಅಡಿಗೆ ಬಂದು ಗುರುತಿಸಿದಂತೆ.

ಪೂರ್ತಿ ಕತ್ತಲಲ್ಲಿ ಇದ್ದವರಿಗೆ ಅದೇನೂ ಕಡಿಮೆ ಅಲ್ಲ. ಹಾಕಿಸಿಕೊಂಡವರಲ್ಲಿ ಎಷ್ಟೋ ಜನ ಖುಷಿಪಟ್ಟರು. ಆದರೆ ನಿಮ್ಮ ಅಪ್ಪ ಎದುರಿಗೆ ಬಂದ ಗಿರಾಕಿಯ ಮುಖ ಇನ್ನೂ ನೋಡುತ್ತಿದ್ದಾರೆ. ಆರ್ಗಸ್ ಇದ್ದದ್ದು ಬೆಳಕು ಇದೆ ಅಂತಷ್ಟೇ ಗೊತ್ತಾಗುವವರಿಗೆ, ಅಥವಾ ಅದೂ ಗೊತ್ತಾಗದವರಿಗೆ. ಅಪ್ಪನ ಕಿಂಡಿಯಷ್ಟು ನೋಟ ಅದಕ್ಕಿಂತ ಎಷ್ಟೋ ಪಾಲು ಮೇಲು. ದುಡ್ಡು ಕೊಟ್ಟು ಅದನ್ನು ಅಪಾಯಕ್ಕೆ ಒಡ್ಡುವುದು ಯಾಕೆ?

ಹಾಗೆ ನೋಡಿದರೆ ಹಾಕಿಸುವುದಕ್ಕೂ ಈಗ ಆರ್ಗಸ್ ಇಲ್ಲ. ಜಗತ್ತಿನಲ್ಲಿ ಸುಮಾರು 350 ಮಂದಿಗೆ ಹಾಕಿದ ಮೇಲೆ, 2019ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. 2020ರಲ್ಲಿ ಮುಳುಗುವ ಹಂತಕ್ಕೆ ಬಂದು ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. ಆಮೇಲೆ ಇನ್ನೊಂದು ಕಂಪನಿಯ ಜತೆ ಸೇರಿಹೋಯಿತು. ಕಣ್ಣೊಳಗೆ ಚಿಪ್ ಇದ್ದವರು ಹೊರಗಿನ ಕನ್ನಡಕ ಕೆಟ್ಟರೆ ಯಾರನ್ನು ಕೇಳಬೇಕು ಅಂತ ತಿಳಿಯದೆ ಕೂತರು. ಜರ್ಮನಿಯ ರೆಟಿನಾ ಇಂಪ್ಲಾಂಟ್ ಕಂಪನಿಯದ್ದು ಇನ್ನೂ ಚಂದದ ಯೋಚನೆ. ಕ್ಯಾಮೆರಾನೇ ಬೇಡ, ಸುಮಾರು 1500 ಬೆಳಕಿನ ಸೆನ್ಸರುಗಳ ಚಿಪ್ ರೆಟಿನಾದ ಅಡಿಗೇ. ಅದೂ 2019ರಲ್ಲೇ ಬಾಗಿಲು ಹಾಕಿತು. ಈ ಕ್ಷೇತ್ರದಲ್ಲಿ ತಂತ್ರಜ್ಞಾನಕ್ಕಿಂತ ಮೊದಲು ಸೋತದ್ದು ಲೆಕ್ಕಪುಸ್ತಕ. ರೋಗಿಗಳು ಕಡಿಮೆ, ಖರ್ಚು ಜಾಸ್ತಿ. ಫ್ರಿಜ್ ಕಂಪನಿ ಮುಚ್ಚಿದರೆ ಬೇರೆ ಫ್ರಿಜ್ ತರಬಹುದು. ಕಣ್ಣೊಳಗಿನ ಸಾಧನಕ್ಕೆ ಹಾಗೆ ಆಗುವುದಿಲ್ಲ. ಮುಂದೆ ಯಾವತ್ತಾದರೂ ಯಾರಾದರೂ ನಿಮ್ಮ ಮುಂದೆ ಬ್ರೋಷರ್ ಇಟ್ಟರೆ, ಎಷ್ಟು ಪಿಕ್ಸೆಲ್ ಅಂತ ಆಮೇಲೆ ಕೇಳಿ. ಕಂಪನಿ ಮುಚ್ಚಿದರೆ ರಿಪೇರಿ ಯಾರು ಮಾಡುತ್ತಾರೆ, ತೆಗೆಸಬೇಕಾದರೆ ಖರ್ಚು ಯಾರದ್ದು, ಇದನ್ನು ಇಟ್ಟುಕೊಂಡು ಎಂಆರ್‌ಐ ಮಾಡಿಸಬಹುದಾ, ಇಷ್ಟನ್ನು ಮೊದಲು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ನೀವು ನೋಡಿದ ವಿಡಿಯೋ ಬಹುಶಃ ಪ್ರೈಮಾದ್ದು. ಈಚೆಗೆ ಎಲ್ಲರೂ ಕಳಿಸುತ್ತಿರುವುದು ಅದನ್ನೇ. ಎಂಜಿನಿಯರ್ ಆಗಿ ನನಗೆ ಅದು ತುಂಬಾ ಇಷ್ಟ. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಪಲಾಂಕರ್ ಅವರ ವಿನ್ಯಾಸ. 2 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ಉದ್ದದ ಚಿಪ್, ಅದರಲ್ಲಿ 378 ಪಿಕ್ಸೆಲ್. ವೈರ್ ಇಲ್ಲ, ಬ್ಯಾಟರಿ ಇಲ್ಲ. ಒಂದೊಂದು ಪಿಕ್ಸೆಲ್ಲೂ ಒಂದು ಪುಟ್ಟ ಸೋಲಾರ್ ಸೆಲ್. ಕನ್ನಡಕದ ಕ್ಯಾಮೆರಾ ಕಂಡದ್ದನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಾಗಿ ಕಣ್ಣೊಳಗೆ ಬಿಡುತ್ತದೆ. ಚಿತ್ರವೂ ಕರೆಂಟೂ ಒಂದೇ ಬೆಳಕಿನಲ್ಲಿ ಹೋಗುತ್ತದೆ. ಉಳಿದಿರುವ ಸಹಜ ನೋಟಕ್ಕೆ ಆ ಬೆಳಕು ಅಡ್ಡಿಯಾಗುವುದಿಲ್ಲ. 2025ರ ಅಕ್ಟೋಬರಿನಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯೂರೋಪಿನ ಐದು ದೇಶಗಳ 38 ಮಂದಿಗೆ ಹಾಕಿದ್ದರು. ವರ್ಷದ ನಂತರ ಪರೀಕ್ಷೆಗೆ ಸಿಕ್ಕ 32 ಮಂದಿಯಲ್ಲಿ 26 ಮಂದಿ ಚಾರ್ಟಿನಲ್ಲಿ ಗಣನೀಯವಾಗಿ ಜಾಸ್ತಿ ಅಕ್ಷರ ಓದಿದರು. ಕನ್ನಡಕದ ಜೂಮ್ ಬಳಸಿ, ನಿಧಾನವಾಗಿ, ಕಪ್ಪು ಬಿಳುಪಿನಲ್ಲಿ. ಒಟ್ಟು 19 ಮಂದಿಗೆ ಗಂಭೀರ ತೊಂದರೆಗಳೂ ಆದವು, ಹೆಚ್ಚಿನವು ಆಪರೇಷನ್ ಆದ ಎರಡು ತಿಂಗಳೊಳಗೆ.

ಆದರೆ ಅವರೆಲ್ಲ ವಯಸ್ಸಾದ ಮೇಲೆ ಬರುವ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತದವರು. ಅವರಿಗೆ ನಡು ನೋಟ ಹೋಗಿ ಬದಿಯದ್ದು ಉಳಿದಿರುತ್ತದೆ. ನಿಮ್ಮ ಅಪ್ಪನಿಗೆ ಸರೀ ತಿರುಗಾಮುರುಗಾ. ಆ ಚಿಪ್ ಕೂರಿಸುವುದು ರೆಟಿನಾದ ನಟ್ಟನಡುವೆ, ಅಪ್ಪನಿಗೆ ಉಳಿದಿರುವ ಜಾಗದಲ್ಲೇ. ಅಂದಹಾಗೆ, ಈ ಪ್ರೈಮಾ ಶುರುಮಾಡಿದ ಪ್ಯಾರಿಸಿನ ಕಂಪನಿಯೂ ದಿವಾಳಿಯಾಗಿ, 2024ರಲ್ಲಿ ಅಮೆರಿಕದ ಇನ್ನೊಂದು ಕಂಪನಿ ಅದನ್ನು ಕೊಂಡುಕೊಂಡಿತು.

ಕಣ್ಣನ್ನೇ ಬಿಟ್ಟು ನೇರ ಮೆದುಳಿಗೆ ಎಲೆಕ್ಟ್ರೋಡ್ ಇಡುವ ದಾರಿಯೂ ಇದೆ. ಹೊಸದೇನಲ್ಲ. ಇಂಗ್ಲೆಂಡಿನ ಗೈಲ್ಸ್ ಬ್ರಿಂಡ್ಲಿ 1968ರಲ್ಲೇ ಒಬ್ಬ ಮಹಿಳೆಯ ಮೆದುಳಿನ ಮೇಲೆ 80 ಎಲೆಕ್ಟ್ರೋಡ್ ಇಟ್ಟು ಚುಕ್ಕಿಗಳನ್ನು ತೋರಿಸಿದ್ದರು. ಇಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಮಾಡುತ್ತಿರುವ ಬ್ಲೈಂಡ್‌ಸೈಟ್‌ಗೆ 2024ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಬ್ರೇಕ್‌ಥ್ರೂ’ ಅನ್ನೋ ಪಟ್ಟ ಕೊಟ್ಟಿತು. ಅದು ಪರಿಶೀಲನೆ ಬೇಗ ಮುಗಿಸಲು ಕೊಡುವ ಸವಲತ್ತು, ಮಾರಾಟದ ಒಪ್ಪಿಗೆ ಅಲ್ಲ. ವಿಡಿಯೋ ಮಾಡುವವರು ಈ ಎರಡನ್ನೂ ಆರಾಮಾಗಿ ಒಂದು ಮಾಡಿಬಿಡುತ್ತಾರೆ.

ಚಿಕ್ಕಪ್ಪ ಇಷ್ಟಕ್ಕೆ ಬಿಡುವುದಿಲ್ಲ, ಸ್ಟೆಮ್ ಸೆಲ್ ಅನ್ನುತ್ತಾರೆ. ಅದಕ್ಕೂ ಈಗಲೇ ಹೇಳಿಡುತ್ತೇನೆ. ಫ್ಲಾರಿಡಾದ ಒಂದು ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರ ದೃಷ್ಟಿ ಹೋದದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದಲೇ ದುಡ್ಡು ಕೇಳುವ ಕಡೆ ಹೋಗಲೇಬೇಡಿ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಜೀನ್ ಪರೀಕ್ಷೆಗೆ ಮಾಡಿ. ಆರ್‌ಪಿಗೆ ಕಾರಣವಾಗುವ ಜೀನ್‌ಗಳು 60ಕ್ಕೂ ಹೆಚ್ಚು. ಅದರಲ್ಲಿ ಆರ್‌ಪಿಇ65 ಅನ್ನೋ ಒಂದಕ್ಕೆ ಮಾತ್ರ ಅಮೆರಿಕದಲ್ಲಿ 2017ರಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದು ಅಪರೂಪದ ಜೀನ್, ಆಸೆ ಇಟ್ಟುಕೊಂಡು ಕೂರಬೇಡಿ. ಆದರೆ ಉಳಿದವುಗಳ ಮೇಲೂ ಪ್ರಯೋಗಗಳು ನಡೆಯುತ್ತಿವೆ. ಅಂಥ ಪ್ರಯೋಗಗಳಿಗೆ ಸೇರಿಸಿಕೊಳ್ಳುವಾಗ ಮೊದಲು ಕೇಳುವುದು ಯಾವ ಜೀನ್ ಅಂತ. ಇನ್ನೊಂದು, ಇದು ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಬೇಕಾದ ಮಾಹಿತಿ. ನಮ್ಮ ಕಡೆ ಸೋದರಮಾವ, ಅತ್ತೆಮಗ ಅಂತ ಸಂಬಂಧದೊಳಗೇ ಮದುವೆ ಜಾಸ್ತಿ ಅಲ್ವಾ? ಎರಡೂ ಕಡೆಯಿಂದ ಅದೇ ದೋಷ ಬಂದು ಸೇರುವ ಸಾಧ್ಯತೆ ಅಲ್ಲಿ ಹೆಚ್ಚು. ಅಪ್ಪ ಅಮ್ಮನದ್ದೂ ಅಂಥ ಮದುವೆಯಾಗಿದ್ದರೆ ಡಾಕ್ಟರಿಗೆ ಸಂಕೋಚ ಇಲ್ಲದೆ ಹೇಳಿ.

ಈಗ ಅಪ್ಪನ ದಿನದ ಬದುಕು. ಅಂಧತ್ವದ ಲೆಕ್ಕಕ್ಕೆ ನೋಟದ ಅಗಲವೂ ಬರುತ್ತದೆ. ಎದುರಿಗೆ ಚೆನ್ನಾಗಿ ಕಂಡರೂ ಕಿಂಡಿ ತೀರಾ ಸಣ್ಣದಾಗಿದ್ದರೆ ಸರ್ಟಿಫಿಕೇಟ್ ಸಿಗುತ್ತದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಲೋಕಲ್ ರೈಲಿನಲ್ಲಿ ದಿವ್ಯಾಂಗರ ಡಬ್ಬಿ ನಿಲ್ಲುವ ಜಾಗದಲ್ಲಿ ಬೀಪ್ ಬೀಪ್ ಅಂತ ಸದ್ದು ಕೇಳಿರುತ್ತೀರಿ. ಡೊಂಬಿವಲಿಯ ಬೆಳಗಿನ ರಶ್ಶಿನಲ್ಲಿ ಬದಿಯ ನೋಟ ಇಲ್ಲದವರು ಜನರಲ್ ಡಬ್ಬಿಗೆ ನುಗ್ಗುವುದು ನನಗೆ ಸರಿ ಕಾಣುವುದಿಲ್ಲ. ಧೋಬಿ ತಲಾವ್‌ನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ದೃಷ್ಟಿಹೀನರ ಸಂಪನ್ಮೂಲ ಕೇಂದ್ರ ಇದೆ. ವರ್ಲಿಯಲ್ಲಿ 1952ರಿಂದ ಇರುವ ನ್ಯಾಬ್ ಇದೆ, ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್. ಫೋನು, ಕಂಪ್ಯೂಟರನ್ನು ಕಿವಿಯಿಂದ ನಡೆಸುವುದು, ಬಿಳಿ ಕೋಲು ಹಿಡಿಯುವುದು, ಇವಕ್ಕೆ ಎಲ್ಲಿ ಹೇಗೆ ಕಲಿಯಬೇಕು ಅಂತ ಅಲ್ಲಿ ವಿಚಾರಿಸಿ. ಆರ್‌ಪಿ ಇರುವ ಗಂಡಸರು ಕೋಲು ಅಂದರೆ ಸಿಡುಕುತ್ತಾರೆ. ‘ನಾನೇನು ಕುರುಡನಾ’ ಅನ್ನುತ್ತಾರೆ. ಜಗಳ ಮಾಡಬೇಡಿ. ಮಡಚಿ ಬ್ಯಾಗಲ್ಲಿಡುವ ಕೋಲು ತಂದುಕೊಡಿ, ರಾತ್ರಿಗೆ ಮಾತ್ರ ಅನ್ನಿ.

ಇನ್ನು ನಿಮ್ಮ ಪ್ರಾಜೆಕ್ಟ್. ಇದನ್ನು ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕ್ಯಾಮೆರಾ ಕನ್ನಡಕ ಪ್ರತಿ ವರ್ಷ ಪ್ರತಿ ಕಾಲೇಜಿನಲ್ಲೂ ಆಗುತ್ತದೆ. ಕುರ್ಚಿ ತೋರಿಸಿದರೆ ‘ಕುರ್ಚಿ’ ಅನ್ನುತ್ತದೆ, ಬಹುಮಾನ ಬರುತ್ತದೆ, ಆಮೇಲೆ ಕಪಾಟು ಸೇರುತ್ತದೆ. ಕುರ್ಚಿ ಇದೆ ಅಂತ ತಿಳಿಯುವುದು ಯಾವ ಅಂಧರಿಗೂ ದೊಡ್ಡ ಸಮಸ್ಯೆ ಅಲ್ಲ. ಓದಿ ಹೇಳುವ ಕೆಲಸಕ್ಕೆ ಸೀಯಿಂಗ್ ಎಐ, ಲುಕ್‌ಔಟ್‌ನಂಥ ಆ್ಯಪ್‌ಗಳು ಫೋನಿನಲ್ಲೇ ಪುಕ್ಕಟೆ ಇವೆ. ಬೀದಿಯಲ್ಲಿ ನಡೆಯಲು ಐಐಟಿ ದೆಹಲಿಯವರ ಸ್ಮಾರ್ಟ್‌ಕೇನ್ 2014ರಿಂದ ಇದೆ. ಕೋಲಿಗೆ ಸಿಗದ, ಮೊಣಕಾಲಿಗಿಂತ ಮೇಲಿರುವ ಅಡೆತಡೆಯನ್ನು ಅಲ್ಟ್ರಾಸೌಂಡಿನಿಂದ ಹಿಡಿದು ಕೈಗೆ ನಡುಕ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಮಳೆಗಾಲದಲ್ಲಿ ಸ್ಟೇಷನ್ ಹೊರಗೆ ಫೇರಿವಾಲರು (ಬೀದಿ ವ್ಯಾಪಾರಿಗಳು) ಟಾರ್ಪಾಲಿಗೆ ಕಟ್ಟುವ ಹಗ್ಗ ಇದೆಯಲ್ಲ, ಸರೀ ಕುತ್ತಿಗೆ ಎತ್ತರಕ್ಕೆ, ಅಷ್ಟು ತೆಳ್ಳಗಿನದ್ದರಿಂದ ಅಲ್ಟ್ರಾಸೌಂಡ್ ಸರಿಯಾಗಿ ವಾಪಸ್ ಬರುವುದೇ ಇಲ್ಲ. ದಾದರ್ ಬ್ರಿಜ್ ಮೇಲೆ ಇದಕ್ಕೆ ಉಲ್ಟಾ ಕಷ್ಟ. ಸುತ್ತ ಒಂದು ಮೀಟರಿನೊಳಗೆ ಯಾವಾಗಲೂ ಜನ. ಎಂಥ ಸೆನ್ಸರ್ ಇಟ್ಟರೂ ಒಂದೇ ಸಮ ಕೂಗುತ್ತದೆ. ಎರಡು ನಿಮಿಷಕ್ಕೆ ಮನುಷ್ಯ ಅದನ್ನು ಆಫ್ ಮಾಡುತ್ತಾನೆ. ಯಾವಾಗ ಸುಮ್ಮನಿರಬೇಕು ಅಂತ ಸಾಧನಕ್ಕೆ ಕಲಿಸುವುದೇ ಇಲ್ಲಿ ಕಷ್ಟದ ಕೆಲಸ.

ಅದಕ್ಕೇ ಹೇಳುವುದು, ಕಣ್ಣಿನ ಬದಲು ಕಣ್ಣು ಮಾಡಲು ಹೋಗಬೇಡಿ. ಒಂದು ಕೆಲಸ ಹಿಡಿಯಿರಿ. ನಿಮಗಂತೂ ಅದು ಮನೆಯಲ್ಲೇ ಇದೆ. ಒಂದು ಭಾನುವಾರ ಅಪ್ಪನ ಪಕ್ಕ ಗಲ್ಲಾದಲ್ಲಿ ಕೂತು ನೋಡಿ, ಎಲ್ಲಿ ತಡವರಿಸುತ್ತಾರೆ ಅಂತ.

ನನ್ನ ಊಹೆ, ನೋಟಿನಲ್ಲಿ. ಈಗಿನ 100ರ ನೋಟು 142 ಮಿಲಿಮೀಟರ್ ಉದ್ದ, 200ರದ್ದು 146, 500ರದ್ದು 150. ಅಗಲ ಮೂರಕ್ಕೂ ಒಂದೇ, 66. ನಾಲ್ಕೇ ಮಿಲಿಮೀಟರ್ ವ್ಯತ್ಯಾಸವನ್ನು ರಶ್ಶಿನಲ್ಲಿ ಬೆರಳು ಹೇಗೆ ಹಿಡಿಯುತ್ತದೆ? ಅಂಚಿನಲ್ಲಿ ಉಬ್ಬುಗೆರೆಗಳಿವೆ: 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ವೃತ್ತ, 500ಕ್ಕೆ ಐದು. ಹೊಸ ನೋಟಿನಲ್ಲಿ ಉಗುರಿಗೆ ಸಿಗುತ್ತದೆ. ಸಾಂಬಾರಿನ ಕೈಯಲ್ಲಿ ಹತ್ತು ಕಡೆ ತಿರುಗಿ ಬಂದ ನೋಟಿನಲ್ಲಿ ಎಲ್ಲ ಸವೆದು ನುಣ್ಣಗೆ. ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ 2020ರಿಂದ ಇದೆ, ಇಂಟರ್‌ನೆಟ್ ಇಲ್ಲದೆಯೂ ನೋಟು ಗುರುತಿಸುತ್ತದೆ. ಆದರೆ ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಪ್ರತಿ ನೋಟಿಗೂ ಫೋನ್ ಎತ್ತಿ ಹಿಡಿಯಲು ಯಾವ ಕ್ಯಾಷಿಯರಿಗೆ ಆಗುತ್ತದೆ?

ಹೋಟೆಲಿನ ಗಲ್ಲಾದಲ್ಲಿ ಈಗಾಗಲೇ ಒಂದು ಒಳ್ಳೆಯ ಸಾಧನ ಕೂತಿದೆ, ಗಮನಿಸಿದ್ದೀರಾ? ಯುಪಿಐ ಸೌಂಡ್‌ಬಾಕ್ಸ್. ಅದನ್ನು ಅಂಧರಿಗಾಗಿ ಯಾರೂ ಮಾಡಲಿಲ್ಲ. ಆದರೆ ‘ನೂರಾ ನಲವತ್ತು ರೂಪಾಯಿ ಬಂತು’ ಅಂತ ಕೇಳಿಸಿದರೆ ಕ್ಯಾಷಿಯರ್ ಗಿರಾಕಿಯ ಫೋನಿಗೆ ಕಣ್ಣು ಕಿರಿದು ಮಾಡಿ ನೋಡಬೇಕಿಲ್ಲ. ಅಷ್ಟು ಸಲೀಸಾಗಿ ನೋಟನ್ನೂ ಹೇಳುವ ಪೆಟ್ಟಿಗೆ ಮಾಡಿ. ಕನ್ನಡಕ ಬೇಡ. ಮೇಜಿಗೆ ಬಗ್ಗಿದ ಒಂದು ಕ್ಯಾಮೆರಾ, ಪಕ್ಕದಲ್ಲಿ ತನ್ನದೇ ದೀಪ, ಕೆಳಗೆ ನೋಟು ಇಡುವ ಒಂದು ಕಪ್ಪು ಹಲಗೆ. ಗ್ರೈಂಡರ್ ಸದ್ದಿನಲ್ಲೂ ಕೇಳುವ ಸ್ಪೀಕರ್. ಇಯರ್‌ಫೋನ್ ಹಾಕಿಸಬೇಡಿ. ಕಣ್ಣು ಕಡಿಮೆ ಇರುವವರಿಗೆ ಕಿವಿಯೇ ಎಲ್ಲ, ಅದನ್ನು ಮುಚ್ಚಿದರೆ ‘ಶೇಟ್, ಬಿಲ್’ ಅಂದದ್ದೂ ಕೇಳುವುದಿಲ್ಲ. ಧ್ವನಿ ಯಾವ ಭಾಷೆಯಲ್ಲಿ ಅಂತ ಅಪ್ಪನನ್ನೇ ಕೇಳಿ. ಕುಂದಾಪುರದವರಾದರೂ ಎಷ್ಟೋ ವರ್ಷ ಮುಂಬೈ ಗಲ್ಲಾದಲ್ಲಿ ಕೂತವರ ಬಾಯಲ್ಲಿ ಲೆಕ್ಕ ಹಿಂದಿಯಲ್ಲೇ ಓಡುತ್ತಿರುತ್ತದೆ. ಕನ್ನಡಾಭಿಮಾನ ಆಮೇಲೆ. ನೋಟು ಗುರುತಿಸುವ ಎಐ ಮಾಡೆಲ್ ಪೆಟ್ಟಿಗೆಯೊಳಗೇ ಓಡಬೇಕು, ನೆಟ್ ಹೋದಾಗ ಮೌನವಾಗುವ ಸಾಧನವನ್ನು ಎರಡನೇ ದಿನ ಯಾರೂ ನಂಬುವುದಿಲ್ಲ.

ಇನ್ನೊಂದು ಮಾತು, ಇದನ್ನು ಕಾಲೇಜಿನಲ್ಲಿ ಹೇಳಿಕೊಡುವುದು ಕಡಿಮೆ. ನೂರಕ್ಕೆ ಎಷ್ಟು ಸರಿ ಅಂತ ಒಂದೇ ಅಂಕಿ ಹಿಡಿದುಕೊಂಡು ಹೋಗಬೇಡಿ. ಎಲ್ಲ ತಪ್ಪೂ ಒಂದೇ ಬೆಲೆಯದ್ದಲ್ಲ. 200ರ ನೋಟಿಗೆ ‘ಗೊತ್ತಾಗಲಿಲ್ಲ, ತಿರುಗಿಸಿ ಇಡಿ’ ಅಂದರೆ ಹೋಗುವುದು ಮೂರು ಸೆಕೆಂಡ್. 200ಕ್ಕೆ ‘ಐನೂರು’ ಅಂದರೆ ಅಪ್ಪನ ಸಂಬಳದಿಂದ 300 ರೂಪಾಯಿ ಹೋಯಿತು. ಹಾಗಾಗಿ ಅನುಮಾನ ಇದ್ದರೆ ಬಾಯಿ ಮುಚ್ಚುವ ಹಾಗೆ ಮಿತಿಯನ್ನು ಬಿಗಿ ಮಾಡಿ. ತರಬೇತಿಗೆ ಬ್ಯಾಂಕಿನಿಂದ ತಂದ ಗರಿಗರಿ ನೋಟು ಬಳಸಬೇಡಿ. ಮಡಚಿದ್ದು, ಒದ್ದೆಯಾದದ್ದು, ಟೇಪ್ ಹಚ್ಚಿದ್ದು, ಅರಿಶಿನ ಮೆತ್ತಿದ್ದು, ಒಂದರ ಕೆಳಗೆ ಇನ್ನೊಂದು ಅಡಗಿದ್ದು, ಇವುಗಳ ಫೋಟೋ ತೆಗೆಯಿರಿ. ಎರಡು ನೋಟು ಒಟ್ಟಿಗೆ ಬಂದಾಗ ‘ಎರಡಿವೆ’ ಅನ್ನಲು ಅದಕ್ಕೆ ಗೊತ್ತಿರಬೇಕು. ಸಾಧನದಿಂದ ನೋಟು ಎಷ್ಟು ಸೆಕೆಂಡಿಗೆ ಗುರುತಾಯಿತು, ಸಾಧನ ಇಲ್ಲದೆ ಅಪ್ಪನಿಗೆ ಎಷ್ಟು ಹೊತ್ತು ಬೇಕಿತ್ತು, ಇವೆರಡನ್ನೂ ಬರೆದಿಡಿ. ಅಪ್ಪ ಮಗಳಿಗೆ ಬೇಜಾರಾಗಬಾರದು ಅಂತ ‘ಚೆನ್ನಾಗಿದೆ’ ಅಂದುಬಿಡುತ್ತಾರೆ. ಆದ್ದರಿಂದ ಸಂಬಂಧವಿಲ್ಲದ ಒಂದಿಬ್ಬರು ದೃಷ್ಟಿ ಕಡಿಮೆ ಇರುವವರ ಕೈಯಲ್ಲೂ ಪರೀಕ್ಷೆ ಮಾಡಿಸಿ, ಅವರ ಸಮಯಕ್ಕೆ ದುಡ್ಡು ಕೊಡಿ, ಓಡಾಟದ ಖರ್ಚು ಬೇರೆ. ಗೈಡ್ ‘ಇದರಲ್ಲಿ ಹೊಸದೇನಿದೆ, ನೋಟು ಗುರುತಿಸುವುದು ಎಲ್ಲರೂ ಮಾಡಿದ್ದಾರೆ’ ಅಂತ ಕೇಳಿಯೇ ಕೇಳುತ್ತಾರೆ. ಆಗ ಸವೆದ 200ರ ನೋಟುಗಳಲ್ಲಿ ಸಾಧನ ಮಾಡಿದ ತಪ್ಪುಗಳ ಪಟ್ಟಿಯನ್ನು ಮುಂದಿಡಿ. ಬೇಕಾದರೆ ಅವರನ್ನೇ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಘಾಟ್‌ಕೋಪರಿಗೆ ಕರೆದುಕೊಂಡು ಬನ್ನಿ.